ಕಾಲು ಗಂಟೆ ಮುಂದಿದ್ದ ಅಕ್ಕ

ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ, ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಹೆಂಗಸರು ಕೂಡ. ಇದರಲ್ಲಿ ಗೌರವ ಎಷ್ಟು, ಕೆಲಸ ದಾಟಿಸುವ ಉಪಾಯ ಎಷ್ಟು ಎಂದು ಕೇಳಿದರೆ ಹೇಳುವುದು ಕಷ್ಟ. ಅಕ್ಕ ಎಂದು ಕರೆಸಿಕೊಂಡವಳು ಆಗುವುದಿಲ್ಲ ಎನ್ನುವ ಹಾಗಿಲ್ಲವಲ್ಲ. ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಕೋಣೆಯ ಹಸಿರು ಅಂಗಿ ಎಲ್ಲವೂ ಕೊಳೆಯಾಗಿ ಬಂದು, ಒಗೆಸಿಕೊಂಡು, ಮಡಚಿಸಿಕೊಂಡು ಮತ್ತೆ ವಾರ್ಡುಗಳಿಗೆ ಹೋಗುವುದು ಅವಳ ಮೇಜಿನ ಮುಂದೆಯೇ.

ಉಗ್ರಾಣಕ್ಕೆ ಒಮ್ಮೆ ಭಾರೀ ಸಾಫ್ಟ್‌ವೇರ್ ಒಂದು ಬಂದಿತ್ತು. ಒಂದು ಬೆಡ್‌ಶೀಟು ಕೊಡಬೇಕಾದರೆ ಪರದೆಯ ಮೇಲೆ ಪರದೆ ದಾಟಬೇಕು. ಅಷ್ಟರಲ್ಲಿ ರೋಗಿ ವಾಸಿಯಾಗಿ ಮನೆಗೆ ಹೋಗಿಬಿಡುವ ಸಂಭವವಿತ್ತು. ಅದು ಕೈಕೊಟ್ಟ ಮೇಲೆ ಕಂಪ್ಯೂಟರ್ ನೋಡಿಕೊಳ್ಳುವವನು ತಾನೇ ಕೂತು ಬರೀ ಅಕ್ಷರಗಳ ಫೈಲೊಂದನ್ನು ಮಾಡಿಕೊಟ್ಟ. ಬಣ್ಣವಿಲ್ಲ, ಚಿತ್ರವಿಲ್ಲ. ಒಂದು ಸಾಲಿಗೆ ಒಂದು ಕೆಲಸ. ಮುಗಿದರೆ ಸಾಲಿನ ಮುಂದೆ ಇಂಟು ಗುರುತು. ‘ಗುಡಿಸು’ ಎಂಬ ಬಟನ್ ಒತ್ತಿದರೆ ಇಂಟು ಬಿದ್ದ ಸಾಲುಗಳೆಲ್ಲ ‘ಮುಗಿದವು’ ಎಂಬ ಇನ್ನೊಂದು ಫೈಲಿಗೆ ಹೋಗಿ ಸೇರುತ್ತವೆ. ಇದಕ್ಕೆ ಅಕ್ಕ ತನ್ನದೊಂದು ಕಟ್ಟಳೆ ಸೇರಿಸಿದಳು. ಇಂಟು ಹಾಕಿದವರು ಪಕ್ಕದಲ್ಲಿ ತಮ್ಮ ಅಕ್ಷರವನ್ನೂ ಹಾಕಬೇಕು. ಯಾರು ಮಾಡಿದ್ದು ಎಂದು ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡುವ ನಾಟಕ ಅವಳಿಗೆ ಸಾಕುಸಾಕಾಗಿತ್ತು.

ಫೈಲು ಮಾಡಿಕೊಟ್ಟವನಿಗೆ ಉಗ್ರಾಣದ ಹೆಂಗಸರು ಇಟ್ಟ ಹೆಸರು ರೀಸ್ಟಾರ್ಟ್ ಸಾರ್. ಪ್ರಿಂಟರ್ ಕೆಟ್ಟರೂ ಫ್ಯಾನ್ ನಿಂತರೂ ಅವನು ಮೊದಲು ಹೇಳುವುದು ಅದೊಂದೇ ಮಾತು.

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಅಕ್ಕನ ಮನೆಗೂ ಇಂಥದೇ ಫೈಲು ಬಂತು. ಹೆಸರು ‘ಅಮ್ಮ’. ಒಂದು ಕೊನೆಯಲ್ಲಿ ಅಕ್ಕನ ಫೋನು, ಇನ್ನೊಂದು ಕೊನೆಯಲ್ಲಿ ಊರಿನ ಆಚೆ ತುದಿಯಲ್ಲಿದ್ದ ತಂಗಿಯ ಫೋನು. ಒಬ್ಬರು ಬರೆದದ್ದು ಇನ್ನೊಬ್ಬರಿಗೂ ಕಾಣುತ್ತದೆ. ಅಮ್ಮ ಇದ್ದದ್ದು ಅಕ್ಕನ ಬಳಿ. ಎಬ್ಬಿಸುವುದು, ಸ್ನಾನ, ವಾಕರ್ ಹಿಡಿಸಿ ಬಾಗಿಲವರೆಗೆ ನಡೆಸುವುದು ಅವಳ ಪಾಲು. ಮಾತ್ರೆ ತರುವುದು, ವ್ಯಾಯಾಮ ಮಾಡಿಸುವವಳಿಗೆ ಫೋನ್ ಮಾಡುವುದು, ಡಾಕ್ಟರ ಹತ್ತಿರ ಕರೆದೊಯ್ಯಲು ಗಾಡಿ ಗೊತ್ತು ಮಾಡುವುದು ತಂಗಿಯದು. ಅಕ್ಕ ತಂಗಿ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳ ಹತ್ತಿಕೊಳ್ಳುತ್ತಿತ್ತು. ಫೈಲಿನಲ್ಲಿ ದನಿ ಏರುವುದಿಲ್ಲ. ಹಾಗಾಗಿ ಇಬ್ಬರಿಗೂ ಅದೇ ಹಿತವೆನಿಸಿತು. ತಂಗಿಯೂ ಇಂಟಿನ ಪಕ್ಕದಲ್ಲಿ ‘ತ’ ಎಂದು ಹಾಕುವುದನ್ನು ಕಲಿತಳು. ಚಿಕ್ಕಂದಿನಲ್ಲಿ ಅವಳ ಕೈಹಿಡಿದು ಅಕ್ಷರ ತಿದ್ದಿಸಿದ್ದೂ ಅಕ್ಕನೇ.

ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಕನಿಗೆ ಒಂದು ವಿಚಿತ್ರ ದಣಿವು ಬಂತು. ಮಲಗಿ ಎದ್ದರೂ ಹೋಗದ ದಣಿವು. ಬೆಳಿಗ್ಗೆ ಅಮ್ಮನ ಬೆನ್ನು ಉಜ್ಜುವಾಗ ಕೈ ತನ್ನದಲ್ಲವೆನಿಸುತ್ತಿತ್ತು. ಒಂದು ದಿನ ಅಮ್ಮ, “ನಿಧಾನ ಕಣೇ, ನೋಯತ್ತೆ” ಅಂದಾಗ ಅವಳಿಗೆ ಕನಿಕರ ಹುಟ್ಟುವ ಬದಲು ರೇಗಿತು. ಚೊಂಬನ್ನು ಕುಕ್ಕಿ ಇಟ್ಟಳು. ಅಮ್ಮ ಹೆದರಿ ಸುಮ್ಮನಾದರು. ಆ ಹೆದರಿದ ಮುಖ ನೋಡಿ ಅಕ್ಕನಿಗೆ ತನ್ನ ಮೇಲೇ ಭಯವಾಯಿತು. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಫೈಲಿನಲ್ಲಿ ಒಂದು ಸಾಲು ಬರೆದಳು: ‘ಅಮ್ಮನನ್ನು ಒಂದು ವಾರ ತಂಗಿ ಇಟ್ಟುಕೊಳ್ಳಬೇಕು. ನನ್ನ ಕೈಲಿ ಆಗುತ್ತಿಲ್ಲ.’

ಉತ್ತರ ಬರಲಿಲ್ಲ. ಸಂಜೆ ನೋಡಿದರೆ ಸಾಲೇ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮತ್ತೆ ಇತ್ತು, ಮಧ್ಯಾಹ್ನ ಇಲ್ಲ. ಬೇರೆ ಸಾಲುಗಳದೂ ಇದೇ ಆಟ. ತಂದಾಗಿದ್ದ ಮಾತ್ರೆ ಮತ್ತೆ ತರಬೇಕಾದ ಮಾತ್ರೆಯಾಗಿ ಎದ್ದು ಕೂರುತ್ತಿತ್ತು. ಫೈಲಿಗೆ ತಲೆ ಕೆಟ್ಟಿದೆ ಎಂದು ಅಕ್ಕನಿಗೆ ಖಾತ್ರಿಯಾಯಿತು. ನಿಜ ಹೇಳಬೇಕೆಂದರೆ ಸಮಾಧಾನವೂ ಆಯಿತು. ತಂಗಿ ಅದನ್ನು ಓದಿಯೇ ಇಲ್ಲ ಎಂದುಕೊಳ್ಳುವುದು, ಓದಿ ಸುಮ್ಮನಿದ್ದಾಳೆ ಎಂದುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ರೀಸ್ಟಾರ್ಟ್ ಸಾರ್‌ನನ್ನು ಕರೆಸಿದಳು.

“ಅಕ್ಕಾ, ಒಂದ್ಸಲ ರೀಸ್ಟಾರ್ಟ್...”

“ಮಾಡಿದ್ದೀನಿ. ಫೋನಿಗೂ ಸಾಕಾಗಿದೆ, ನನಗೂ ಸಾಕಾಗಿದೆ. ಬೇರೆ ಏನಾದ್ರೂ ಇದ್ರೆ ಹೇಳಿ.”

ಅವನು ಒಗೆದ ಬಟ್ಟೆಯ ಗಂಟಿನ ಮೇಲೆ ಕೂತು, ಅವಳ ಫೋನನ್ನೂ ತನ್ನ ಲ್ಯಾಪ್‌ಟಾಪನ್ನೂ ಪಕ್ಕಪಕ್ಕ ಇಟ್ಟುಕೊಂಡ. ಅವಳು ತನ್ನ ಫೋನಿನಲ್ಲಿ ಸೇವ್ ಮಾಡುವುದು, ಆಮೇಲೆ ಅವನು ಒಂದು ಸಾಲಿಗೆ ಇಂಟು ಹಾಕುವುದು, ಇಂಟು ಮಾಯ. ಮತ್ತೆ ಹಾಕುವುದು, ಮತ್ತೆ ಮಾಯ. ಒಗೆಯುವ ಯಂತ್ರಗಳು ಗೋಡೆಯಾಚೆ ಗುಡುಗುಡು ಎನ್ನುತ್ತಿದ್ದವು. ಅಕ್ಕನಿಗೆ ಕಣ್ಣು ಎಳೆಯುತ್ತಿತ್ತು.

“ಅಕ್ಕಾ, ನಿಮ್ಮ ಫೋನಲ್ಲಿ ಟೈಮ್ ಎಷ್ಟು?”

“ಅದು ಕಾಲು ಗಂಟೆ ಮುಂದಿದೆ. ನಾನೇ ಇಟ್ಟಿರೋದು. ಇಲ್ಲಾಂದ್ರೆ ಡ್ಯೂಟಿಗೆ ತಡ ಆಗತ್ತೆ.”

ಅವನು ತಲೆ ಚಚ್ಚಿಕೊಂಡು ನಕ್ಕ. “ಮುಂದಿದೆ ಅಂತ ನಿಮಗೆ ಗೊತ್ತಲ್ಲ, ಆಮೇಲೂ ಅದನ್ನ ನಂಬಿ ಓಡ್ತೀರಾ?”

“ಗೊತ್ತಿದ್ರೂ ಓಡ್ತೀನಿ. ನೀವು ವಿಷಯಕ್ಕೆ ಬನ್ನಿ.”

ವಿಷಯ ಸುಲಭವಾಗಿತ್ತು. ಎರಡು ಫೋನಿನಲ್ಲಿ ಫೈಲಿನ ಬೇರೆಬೇರೆ ಪ್ರತಿ ಇದ್ದರೆ ಯಾವುದು ಹೊಸದೋ ಅದನ್ನು ಉಳಿಸಿಕೊಳ್ಳುವಂತೆ ಅವನು ಮಾಡಿದ್ದ. ಹೊಸದು ಯಾವುದೆಂದು ತಿಳಿಯುವುದು ಗಡಿಯಾರದಿಂದ. ಅಕ್ಕನ ಫೋನು ಸದಾ ಮುಂದಿರುವುದರಿಂದ ಅವಳ ಹಳೆಯ ಪ್ರತಿಯೂ ಎಷ್ಟೋ ಸಲ ಹೊಸದೆನಿಸಿಕೊಂಡು ತಂಗಿಯ ಇಂಟುಗಳನ್ನು ಅಳಿಸಿಹಾಕುತ್ತಿತ್ತು.

“ಅಷ್ಟೇ. ಟೈಮ್ ಸರಿ ಮಾಡಿದೆ, ಇನ್ನು ತೊಂದ್ರೆ ಇಲ್ಲ” ಎಂದು ಅವನು ಎದ್ದ.

“ಇರಿ. ನಾನು ಬರೆದ ಒಂದು ಸಾಲು ಕಳೆದುಹೋಗಿದೆಯಲ್ಲ, ಅದು?”

“ನಿಮ್ಮ ಸಾಲು ಕಳೆಯೋಕೆ ಆಗಲ್ಲ ಅಕ್ಕಾ. ಕಳೆದಿದ್ರೆ ಅವರದ್ದು ಕಳೀಬೇಕು. ಇಲ್ಲಿ ಯಾವಾಗಲೂ ಗೆಲ್ತಿದ್ದಿದ್ದು ನೀವೇ.”

ಗೆಲ್ಲುತ್ತಿದ್ದವಳು ಅವನ ಮುಖವನ್ನೇ ನೋಡಿದಳು. ಅವನು ಮತ್ತೆ ಕೂತು, ‘ಮುಗಿದವು’ ಫೈಲನ್ನು ತೆರೆದು ಹುಡುಕಿದ. ಸಾಲು ಸಿಕ್ಕಿತು. ಮುಂದೆ ಇಂಟು, ಪಕ್ಕದಲ್ಲಿ ‘ತ’. ಕೆಳಗೆ ಸರಿಸಿದರೆ ಅದೇ ಸಾಲು ಮತ್ತೊಂದು ಸಲ, ಇಂಟು, ‘ತ’. ಇನ್ನೂ ಕೆಳಗೆ ಮತ್ತೆ. ಗಡಿಯಾರದ ದೆಸೆಯಿಂದ ಸಾಲು ಮರಳಿ ಮರಳಿ ಎದ್ದು ಬಂದಿತ್ತು. ಬಂದಾಗಲೆಲ್ಲ ತಂಗಿ ಇಂಟು ಹಾಕಿ ಗುಡಿಸಿದ್ದಳು, ಒಮ್ಮೆಯೂ ತನ್ನ ಅಕ್ಷರ ಹಾಕುವುದನ್ನು ಮರೆಯದೆ. ಸದ್ದಿಲ್ಲದೆ ಅಳಿಸಿಬಿಡಬಹುದಿತ್ತು. ಅಕ್ಕ ಕಲಿಸಿದ ಶಿಸ್ತು ಅಳಿಸಲು ಬಿಟ್ಟಿರಲಿಲ್ಲ.

ರೀಸ್ಟಾರ್ಟ್ ಸಾರ್ ಏನನ್ನೋ ಊಹಿಸಿ, ಪ್ರಿಂಟರ್ ನೋಡಬೇಕು ಎಂದು ಹೊರಗೆ ಹೋದ. ಒಳ್ಳೆಯವನು.

ಅಕ್ಕನಿಗೆ ಅಳು ಬರಲಿಲ್ಲ. ತಿಂಗಳುಗಳಿಂದ ಮಾಡದ ಕೆಲಸ ಮಾಡಿದಳು, ತಂಗಿಗೆ ಫೋನ್ ಮಾಡಿದಳು.

“ಅಮ್ಮಂಗೇನಾಯ್ತು?” ತಂಗಿಯ ದನಿಯಲ್ಲಿ ಗಾಬರಿ.

“ಅಮ್ಮಂಗೇನೂ ಆಗಿಲ್ಲ. ನಾನು ಬರೆದಿದ್ದನ್ನ ನೀನು ಓದಿದ್ದೆ.”

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

“ಓದದೆ ಇರೋಕೆ ಬಿಟ್ಯಾ ನೀನು? ಇಂಟು ಹಾಕಿದ್ರೆ ಮತ್ತೆ ಬರೀತೀಯ, ಹಾಕಿದ್ರೆ ಮತ್ತೆ ಬರೀತೀಯ. ಬೇಕಂತಲೇ ಚುಚ್ತಿದ್ದೀಯ ಅಂತ ನನಗೂ ಹಠ ಬಂತು.”

“ನಾನು ಬರೆದಿದ್ದು ಒಂದೇ ಸಲ ಕಣೇ.” ಗಡಿಯಾರದ ಕಥೆಯನ್ನು ಅಕ್ಕ ನಾಲ್ಕು ಮಾತಿನಲ್ಲಿ ಹೇಳಿದಳು. ಹೇಳುವುದಕ್ಕೂ ಆಯಾಸವಾಯಿತು. “ಮೊದಲನೇ ಸಲ ಯಾಕೆ ಹಾಕ್ದೆ? ಅದು ಹೇಳು.”

“ಏನಂತ ಉತ್ತರ ಬರೀಲಿ ಅಕ್ಕಾ? ಇಲ್ಲಿರೋದು ಎರಡು ರೂಮು, ಒಂದರಲ್ಲಿ ನಮ್ಮತ್ತೆ. ಆಗಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ. ಆ ಸಾಲು ಮೇಲುಗಡೆನೇ ಇರ್ತಿತ್ತು, ಮಾತ್ರೆ ಹೆಸರು ನೋಡೋಕೆ ಹೋದ್ರೂ ಅದೇ ಕಣ್ಣಿಗೆ ಬೀಳೋದು. ನೋಡೋಕಾಗದೆ ಗುಡಿಸಿಬಿಟ್ಟೆ.” ದನಿ ತಗ್ಗಿಸಿ, “ಒಂದು ವಾರ ಅಂತ ಶುರು ಮಾಡಿ, ಆಮೇಲೆ ನನ್ನ ಹತ್ರನೇ ಬಿಟ್ಟುಬಿಡ್ತೀಯ ಅಂತಲೂ ಭಯ ಆಯ್ತು” ಎಂದಳು.

ಆ ಮಾತಿಗೆ ಅಕ್ಕ ಸಿಟ್ಟಾಗಬೇಕಿತ್ತು. ಸಿಟ್ಟಿಗೆ ಬೇಕಾದಷ್ಟು ಶಕ್ತಿ ಉಳಿದಿರಲಿಲ್ಲ.

“ಇವತ್ತು ಬೆಳಿಗ್ಗೆ ಅಮ್ಮನ್ನ ಎಬ್ಬಿಸುವಾಗ ತೋಳು ಎಷ್ಟು ಗಟ್ಟಿಯಾಗಿ ಹಿಡಿದಿದ್ದೀನಿ ಅಂದ್ರೆ, ಗುರುತು ಬಿದ್ದಿದೆ. ಸೀರೆ ಸೆರಗಲ್ಲಿ ಮುಚ್ಕೊಂಡ್ರು, ನನಗೆ ಕಾಣಬಾರದು ಅಂತ. ಇದನ್ನ ಫೈಲಲ್ಲಿ ಹೇಗೆ ಬರೀಲಿ?”

ತಂಗಿ ಮೂಗು ಎಳೆದುಕೊಂಡದ್ದು ಕೇಳಿಸಿತು.

“ಶನಿವಾರ ಬರ್ತೀನಿ. ವಾರ ಆಗಲ್ಲ ಅಕ್ಕಾ, ನಿಜವಾಗ್ಲೂ ಆಗಲ್ಲ. ನಾಲ್ಕು ದಿನ ಇಟ್ಕೋತೀನಿ. ನಾನು, ಇವರು ನಡುಮನೇಲಿ ಮಲಗ್ತೀವಿ.”

“ಆಯ್ತು.”

“ನಾಲ್ಕು ದಿನ ಎಲ್ಲಿಗೆ ಹೋಗ್ತೀಯ?”

“ಎಲ್ಲಿಗೂ ಇಲ್ಲ. ಮಲಗ್ತೀನಿ.”

“ಅಷ್ಟಕ್ಕೇನಾ ಅಕ್ಕಾ?”

“ಅಷ್ಟಕ್ಕೇ ಕಣೇ” ಎಂದಳು ಅಕ್ಕ. ಅಳು ಆಗ ಬಂತು.