ಹಾಲಿನ ಕ್ಯಾನಿನಲ್ಲಿ ಉಳಿದ ಕಿಣ್ವ

ಎಲೆಯ ಹಸಿರು ಕಣಗಳ ಪೊರೆಯಲ್ಲಿ ಸಕ್ಕರೆ ಅಂಟಿಕೊಂಡ ಒಂದು ಬಗೆಯ ಕೊಬ್ಬು ಇರುತ್ತದೆ. ಅದನ್ನು ಕಟ್ಟುವ ಕಿಣ್ವದ ವಂಶವಾಹಿಯನ್ನು ಗಿಡದಿಂದ ತೆಗೆದು, ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಆ ಕಿಣ್ವವನ್ನು ಬ್ಯಾಕ್ಟೀರಿಯಾದಿಂದಲೇ ಮಾಡಿಸಿದ್ದೆ. ಧಾರವಾಡದ ಪ್ರಯೋಗಾಲಯದಲ್ಲಿ ಎರಡು ವರ್ಷ ರಜೆಯನ್ನೆಲ್ಲ ಸುರಿದು ಸಿಕ್ಕಿದ್ದು ಒಂದೇ ಒಂದು ಪುಟ್ಟ ಕೊಳವೆಯಷ್ಟು ಕಿಣ್ವ. ಅದು ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆಯನ್ನು ನಾನು ಪಾಠ ಹೇಳುತ್ತಿದ್ದ ಶಿರಸಿಯ ಕಾಲೇಜಿನಲ್ಲೇ ಮಾಡಬೇಕೆಂದು ಹಟ ಹಿಡಿದಿದ್ದೆ. ಊರಿನವರ ಎದುರು ಮೆರೆಯುವ ಆಸೆ, ಸುಳ್ಳೇಕೆ?

ತಂದ ಮರುದಿನವೇ ಗಾಳಿಗೆ ಕಂಬಗಳು ಬಿದ್ದು ತಾಲೂಕಿಗೇ ಕರೆಂಟಿಲ್ಲ. ಕೊಳವೆಯನ್ನು ಫ್ಲಾಸ್ಕಿನಲ್ಲಿಟ್ಟು ಇಸಳೂರಿನ ಮನೆಗೆ ತಂದೆ. ಐಸ್‌ಕ್ರೀಂ ಅಂಗಡಿ, ಸೋಡಾ ಅಂಗಡಿ, ಐಸ್‌ಕ್ಯಾಂಡಿಯವನು, ಎಲ್ಲ ಕಡೆ ಐಸಿಗಾಗಿ ಅಲೆದು ಬರಿಗೈಲಿ ಬಂದು ಕಟ್ಟೆಯ ಮೇಲೆ ಕುಳಿತು ಅತ್ತೆ. ಬಿಸಿಯಾದರೆ ಕಿಣ್ವ ಸತ್ತಂತೆಯೇ.

"ಮೀನು ಮಾರ್ಕೆಟ್ಟಿಗೆ ಹೋಗಿದ್ಯನೆ ಕೂಸೆ?" ಎಂದಳು ಆಯಿ, ನನ್ನ ಅಮ್ಮ.

ನನಗೆ ಹೊಳೆದೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ಓಣಿಯನ್ನು ಮೂಗು ಮುಚ್ಚಿ ದಾಟಿದವರಿಗೆ ಅಲ್ಲೊಂದು ಮಾರ್ಕೆಟ್ ಇದೆ ಎಂಬುದೇ ಲೆಕ್ಕಕ್ಕಿಲ್ಲ. ಮೂಗು ಮುಚ್ಚುವುದನ್ನು ಕಲಿಸಿದವಳೂ ಆಯಿಯೇ.

"ಅಲ್ಲಿ ಪೆಟ್ಟಿಗೆಯಿಂದ ದಿನಾ ನೀರು ಸೋರ್ತು, ಆನು ನೋಡಿದ್ದೆ. ನೀ ಇದ್ರ ಹತ್ರವೇ ಇರು."

ಡೇರಿಗೆ ಹಾಲು ಹಾಕುವ ಅಲ್ಯೂಮಿನಿಯಂ ಕ್ಯಾನು ಹಿಡಿದು ಬಸ್ಸು ಹತ್ತಿಯೇಬಿಟ್ಟಳು. ಮೊಟ್ಟೆ ಒಡೆದ ಬಾಣಲೆಯನ್ನೂ ಮುಟ್ಟದವಳು! ಮಧ್ಯಾಹ್ನ ಕ್ಯಾನಿನ ತುಂಬ ಐಸು ತಂದಳು. ಕರಾವಳಿಯಿಂದ ಮೀನಿನ ಜೊತೆ ಬಂದ ಐಸು. ಒಂದೆರಡು ಬೆಳ್ಳಿ ಹುರುಪೆಗಳೂ ಅದರಲ್ಲಿದ್ದವು. ಕೊಳವೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಹೂತೆ. ಮರುದಿನ ನಾನು ಕೇಳುವ ಮೊದಲೇ ಮತ್ತೆ ಹೋಗಿದ್ದಳು.

ಮೂರನೆಯ ದಿನ ಕರೆಂಟು ಬಂತು. ಕಾಲೇಜಿನಲ್ಲಿ ಪರೀಕ್ಷೆ ಮಾಡಿದೆ. ಗಾಜಿನ ತಟ್ಟೆಯ ಮೇಲೆ, ಎಲ್ಲಿ ಬರಬೇಕಿತ್ತೋ ಅಲ್ಲೇ, ಆ ಸಕ್ಕರೆ-ಕೊಬ್ಬಿನ ಗುರುತಾದ ನೇರಳೆ ಚುಕ್ಕೆಯೊಂದು ಮೂಡಿತು. ನನ್ನ ಕಿಣ್ವ ಬದುಕಿತ್ತು. ತಟ್ಟೆಯನ್ನು ಮನೆಗೆ ತಂದು ತೋರಿಸಿದೆ.

"ಇಷ್ಟೇಯ?" ಎಂದಳು ಆಯಿ. ಆಮೇಲೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

ಕ್ಯಾನನ್ನು ಬೂದಿ, ಹುಣಸೆ, ಸೀಗೆಪುಡಿ ಎಲ್ಲ ಹಾಕಿ ತಿಕ್ಕಿದ್ದಾಯಿತು. ಆದರೂ ನಾವಿಬ್ಬರೂ ಅದರಲ್ಲಿ ಹಾಲು ಒಯ್ದಾಗ ಡೇರಿಯವನು ಮುಚ್ಚಳ ತೆಗೆದವನೇ ಮುಖ ಹಿಂದೆಳೆದ. "ಅಮ್ಮಾ, ಇದೆಂಥ ಮೀನಿನ ವಾಸನೆ?"

ಸಾಲಿನಲ್ಲಿ ನೆಂಟರಿದ್ದರು, ನೆರೆಯವರಿದ್ದರು. ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಹೆಣ್ಣು ನೋಡಲು ಬಂದವರೆದುರು ನಾನು ಜೋರಾಗಿ ನಕ್ಕರೂ ಜನ ಏನೆನ್ನುವರೋ ಎಂದು ನಡುಗುತ್ತಿದ್ದ ಆಯಿ ಆ ದಿನ ತಲೆಯೆತ್ತಿ ನಿಂತಳು.

"ಹೌದು, ಮೀನಿಂದೇ. ನನ್ನ ಕೂಸು ಮಾಡಿದ ಕಿಣ್ವ ಇದ್ರಲ್ಲೇ ಉಳದ್ದು."

ಅವನು ಹಾಲು ತೆಗೆದುಕೊಳ್ಳಲಿಲ್ಲ. ಆಯಿ ಅದನ್ನು ಮನೆಗೆ ತಂದು ಏಲಕ್ಕಿ ಹಾಕಿ ಪಾಯಸ ಮಾಡಿದಳು. ಎರಡು ಲೋಟಕ್ಕೆ ಬಗ್ಗಿಸಿ, ನನಗಿಂತ ಮೊದಲು ತಾನೇ ಕುಡಿದಳು.