ಗುಡ್ಡದ ಶಾಲೆಗೆ ಡ್ರೈವರ್ ಬೇಕಾಗಿದ್ದಾರೆ

ಬ್ರೆಡ್ ವ್ಯಾನಿನವಳು ಎಂದರೆ ಆ ಬಡಾವಣೆಯಲ್ಲಿ ಗೊತ್ತಿಲ್ಲದವರಿಲ್ಲ. ವರ್ಷಗಟ್ಟಲೆ ಅಂಗಡಿ ಅಂಗಡಿಗೆ ಬ್ರೆಡ್ಡು ಮುಟ್ಟಿಸಿದವಳು, ಒಂದು ಗೋಡೆಗೂ ಗಾಡಿ ತಾಗಿಸಿದವಳಲ್ಲ. ಕುಂಬಳಕಾಯಿ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಕದಿಯದೆಯೇ ಮುಟ್ಟಿ ನೋಡಿಕೊಳ್ಳುವವಳು. ಹಿಂದಿನ ಗಾಡಿಯವನು ಯಾರಿಗೋ ಹಾರ್ನ್ ಹೊಡೆದರೆ ತಾನೇ ಪಕ್ಕಕ್ಕೆ ಸರಿಯುವಳು. ಬೇಕರಿ ಮುಚ್ಚಿದಾಗಲೂ, ತನ್ನಿಂದಲೇ ಏನಾದರೂ ಆಯಿತೇ ಎಂದು ಅತ್ತಿಗೆಯನ್ನು ಕೇಳಿದ್ದಳು.

"ಹೂಂ ಕಣೇ, ಒಲೆ ಊದಿ ಆರಿಸಿದ್ದು ನೀನೇ," ಎಂದಳು ಅತ್ತಿಗೆ. "ಸುಮ್ನೆ ಆ ಸ್ಕೂಲಿಗೆ ಅರ್ಜಿ ಹಾಕು."

ಗುಡ್ಡದ ಮೇಲಿನ ಶಾಲೆಗೆ ಬಸ್ ಡ್ರೈವರ್ ಬೇಕಾಗಿತ್ತು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಗಳೊಂದಿಗೆ ಕಾಲ ತಳ್ಳುತ್ತಿದ್ದ ಅವಳಿಗೆ ಆ ಕೆಲಸ ಸಿಗಲೇಬೇಕಿತ್ತು. ಸಿಕ್ಕರೆ ತನ್ನದೇ ಬಾಗಿಲು, ತನ್ನದೇ ಒಲೆ. ಆದರೂ ಸಂದರ್ಶನದ ದಿನ ಹೊಸಿಲ ಬಳಿ ಹಾಕಿಕೊಂಡ ಚಪ್ಪಲಿಯನ್ನು ಮತ್ತೆ ಬಿಚ್ಚಿದಳು.

"ನನ್ನ ಕೈಲಾಗಲ್ಲ ಅತ್ತಿಗೆ."

"ಆಗಲ್ಲ ಅಂತ ಅವರು ಹೇಳ್ಲಿ. ಅದನ್ನೂ ನೀನೇ ಹೇಳ್ಬಿಟ್ರೆ ಅವರಿಗೇನು ಕೆಲಸ?"

ಶಾಲೆಯ ಕಚೇರಿ ಅಂಗಳದ ಒಂದು ಮೂಲೆಯಲ್ಲಿತ್ತು. ಹೊರಗಿನ ಬೆಂಚಿನಲ್ಲಿ ಅವಳ ಪಕ್ಕ ಕುಳಿತವನು ಇನ್ನೂ ಮೀಸೆ ಗಟ್ಟಿಯಾಗದ ಹುಡುಗ, ಅದೇ ಕೆಲಸಕ್ಕೆ ಬಂದವನು. ಮೊದಲು ಪರೀಕ್ಷೆಗೆ ಹೋಗಿದ್ದ ಮುದಿ ಲಾರಿ ಡ್ರೈವರ್ ಆಗ ತಾನೇ ಬಸ್ಸಿನಿಂದ ಇಳಿದ. ಅಂಗಿ ಬೆನ್ನಿಗೆ ಅಂಟಿತ್ತು. ಕೆಲಸ ಸಿಕ್ಕಿತೋ ಇಲ್ಲವೋ ಎಂದೂ ಅವನು ಕೇಳಲಿಲ್ಲ. ಅವಳ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸಿದ.

"ಮೂರು ಸಲ ತುಳಿಬೇಕು ತಂಗಿ. ಆಮೇಲೆ ಹಿಡಿಯುತ್ತೆ."

ಅವಳು ಏನೆಂದು ಕೇಳುವಷ್ಟರಲ್ಲಿ ಅವನು ಗೇಟು ದಾಟಿಯಾಗಿತ್ತು.

ಸಾರಿಗೆ ನೋಡಿಕೊಳ್ಳುವ ಮೇಲ್ವಿಚಾರಕ ಅವಳ ಅನುಭವದ ಬಗ್ಗೆ ಒಂದು ಮಾತೂ ಕೇಳದೆ ಬಸ್ ಹತ್ತಿಸಿದ. ಹಿಂದಿನ ಡ್ರೈವರ್ ಯಾಕೆ ಬಿಟ್ಟರು ಎಂದು ಅವಳು ಕೇಳಿದಾಗ, "ಬರ್ತಾ ಇಲ್ಲ, ಅಷ್ಟೆ," ಎಂದ. ಗೇಟಿನಾಚೆ ರಸ್ತೆ ನೆಟ್ಟಗೆ ಕೆಳಗೆ, ಗಾಡಿಗಳು ತುಂಬಿದ ವೃತ್ತದವರೆಗೂ ಇಳಿಯುತ್ತಿತ್ತು.

ಪರೀಕ್ಷೆ ಅಂಗಳದಲ್ಲೇ, ಒಂದು ಸುತ್ತು. ಕಾಂಪೌಂಡಿನ ಗೋಡೆ ಹತ್ತಿರ ಬಂದಾಗ ಬ್ರೇಕ್ ತುಳಿದಳು. ಪೆಡಲ್ ಎಲ್ಲೂ ತಡೆಯದೆ ತಳ ಮುಟ್ಟಿತು. ಮತ್ತೆ ತುಳಿದಳು. ಮೂರನೆಯದಕ್ಕೆ ಹಿಡಿಯಿತು; ಗೋಡೆಗೂ ಬಸ್ಸಿಗೂ ಗೇಣು ಜಾಗ ಉಳಿದಿತ್ತು.

"ತಪ್ಪಾಯ್ತು ಸಾರ್," ಎಂದಳು, ರೂಢಿಯಂತೆ.

ಮೇಲ್ವಿಚಾರಕ ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅನ್ಲಿಲ್ಲ, ಅದೇ ಇಷ್ಟ ಆಯ್ತು. ಆ ಮುದುಕ ಬಸ್ಸನ್ನೇ ಬೈದ. ಕೆಲಸ ನಿಮ್ದೇ ಅಮ್ಮ. ಕಾಲಿಗೆ ಅಭ್ಯಾಸ ಆಗುತ್ತೆ. ಇವತ್ತೇ ಮಕ್ಕಳನ್ನ ಮನೆಗೆ ಬಿಟ್ಟು ಬನ್ನಿ."

ಅವರಿಗೆ ಬೇಕಾಗಿದ್ದುದು ಒಳ್ಳೆಯ ಡ್ರೈವರಲ್ಲ, ತಪ್ಪು ಹೊರುವ ತಲೆ. ಅವಳಿಗೆ ಅದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಮೊದಲು ಆದದ್ದು ಸಂತೋಷ. ಕೆಲಸ ಸಿಕ್ಕಿತ್ತು! ಮಗಳಿಗೆ ಹೇಗೆ ಹೇಳಲಿ ಎಂದುಕೊಳ್ಳುತ್ತಿರುವಾಗಲೇ ಗಂಟೆ ಹೊಡೆಯಿತು. ಮಕ್ಕಳು ಚೀಲ ಹೊತ್ತು ಬಸ್ಸಿನ ಬಾಗಿಲಿಗೆ ಸಾಲುಗಟ್ಟಿದರು.

ಕೂತಲ್ಲಿಯೇ ಇನ್ನೊಮ್ಮೆ ಬ್ರೇಕ್ ತುಳಿದು ನೋಡಿದಳು. ಮತ್ತೆ ತಳಕ್ಕೇ ಹೋಯಿತು. ನನ್ನ ಕಾಲೇ ಸರಿಯಿಲ್ಲವೇನೋ? ಆದರೆ ಇಷ್ಟು ವರ್ಷ ವ್ಯಾನನ್ನು ನಿಲ್ಲಿಸಿದ್ದು ಇದೇ ಕಾಲಲ್ಲವೇ? ಹುಟ್ಟಿದ ಮೇಲೆ ಮೊದಲ ಬಾರಿ ಅವಳು ತನ್ನ ಪರವಾಗಿ ವಾದಿಸಿದಳು, ಗೆದ್ದಳು. ಕೀ ಕಿತ್ತುಕೊಂಡು ಕೆಳಗಿಳಿದು, ಕಚೇರಿ ಮೆಟ್ಟಿಲಲ್ಲಿ ನಿಂತಿದ್ದ ಮೇಲ್ವಿಚಾರಕನ ಬಳಿ ಹೋದಳು.

"ಬ್ರೇಕ್ ಕೆಟ್ಟಿದೆ ಸಾರ್. ನಾನು ಓಡ್ಸಲ್ಲ. ಯಾರೂ ಓಡಿಸ್ಬಾರ್ದು."

"ಬ್ರೇಕ್ ಚೆನ್ನಾಗೇ ಇದೆ. ನಿಮಗೇ ಧೈರ್ಯ ಸಾಲ್ದು."

ಆ ಮಾತು ತಾಗಬೇಕಾದಲ್ಲೇ ತಾಗಿತು. ಹೌದೇನೋ ಎಂದು ಅವಳ ಅರ್ಧ ಮನಸ್ಸು ಒಪ್ಪಿಯೂ ಬಿಟ್ಟಿತು. ಅಷ್ಟರಲ್ಲಿ ಮೇಲ್ವಿಚಾರಕ ಜೇಬಿನಿಂದ ಇನ್ನೊಂದು ಕೀ ತೆಗೆದು ಬೆಂಚಿನ ಹುಡುಗನ ಕಡೆ ಎಸೆದ. ಹುಡುಗ ಅವಳ ಮುಖ ನೋಡದೆ ಬಸ್ ಹತ್ತಿದ. ಎಂಜಿನ್ ಗುಡುಗಿತು. ಮೊದಲ ಮಗು ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಿತು.

ಅವಳು ಹೋಗಿ ಬಸ್ಸಿನ ಮುಂದೆ, ಗೇಟಿಗೆ ಬೆನ್ನು ಕೊಟ್ಟು ನಿಂತಳು.

"ಹುಚ್ಚು ಹಿಡಿದಿದ್ಯಾ? ಸರಿ ಆಚೆ!" ಎಂದು ಕಚೇರಿ ಮೆಟ್ಟಿಲಿನಿಂದ ಮೇಲ್ವಿಚಾರಕ ಕೂಗಿದ.

"ಬ್ರೇಕ್ ಚೆನ್ನಾಗಿದೆ ಅಂದ್ರಲ್ಲ ಸಾರ್. ಬನ್ನಿ, ನನ್ನ ಪಕ್ಕ ನಿಂತ್ಕೊಳ್ಳಿ. ಆ ತಮ್ಮ ಗಾಡೀನ ನಮ್ಮ ಕಡೆಗೇ ಓಡಿಸ್ಕೊಂಡು ಬಂದು, ಒಂದೇ ಸಲ ತುಳಿದು ನಿಲ್ಲಿಸ್ಲಿ."

ಮೇಲ್ವಿಚಾರಕ ಬಸ್ಸನ್ನು ನೋಡಿದ. ಅವಳ ಪಕ್ಕದ ಖಾಲಿ ಜಾಗ ನೋಡಿದ. ಮೆಟ್ಟಿಲು ಬಿಟ್ಟು ಕದಲಲಿಲ್ಲ.

ಹುಡುಗ ಅದನ್ನು ಗಾಜಿನೊಳಗಿನಿಂದ ನೋಡುತ್ತಿದ್ದ. ಎಂಜಿನ್ ಆಫ್ ಮಾಡಿ, ಇಳಿದು ಬಂದು, ಹತ್ತಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಕೆಳಗಿಳಿಸತೊಡಗಿದ.