ಹೊಸ ಹವಳ, ಅವ್ವನ ಕೋಣೆ

ನನ್ನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗಲೂ ಮುಕ್ಕಾಲು ಪಾಲು ನಂಬುತ್ತೇನೆ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನನ್ನದೊಂದು ರಕ್ತ ಪರೀಕ್ಷೆಯ ಲ್ಯಾಬ್ ಇದೆ. ಬೆಳಗಿನಿಂದ ಸಂಜೆಯವರೆಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವುದೇ ನನ್ನ ಕೆಲಸ. ಹನಿ ರಕ್ತದಲ್ಲಿ ಮಲೇರಿಯಾ ಯಾವ ಮೂಲೆಯಲ್ಲಿ ಅಡಗಿದ್ದರೂ ಎಳೆದು ಹೊರಗೆ ಹಾಕುತ್ತೇನೆ. ಇಂಥವಳು ತನ್ನ ಮನೆಯ ಪಡಸಾಲೆಯಲ್ಲಿ, ತನ್ನ ಮೂಗಿನ ಕೆಳಗೆ, ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಸಾಕಿದ ಹವಳವನ್ನು ಹುಳು ತಿಂದು ಮುಗಿಸುವವರೆಗೂ ಸುಮ್ಮನೆ ನೋಡುತ್ತ ಕೂತಿದ್ದಳು ಎಂದರೆ ಯಾರು ನಂಬುತ್ತಾರೆ?

ಆದದ್ದು ಇಷ್ಟೇ. ಎರಡು ವರ್ಷದ ಹಿಂದೆ ಹೈದರಾಬಾದಿನಿಂದ ಹವಳದ ಹೊಸ ತುಂಡು ತರಿಸಿದೆ. ಸಮುದ್ರದಿಂದ ಕಿತ್ತದ್ದಲ್ಲ, ತೊಟ್ಟಿಯಲ್ಲೇ ಬೆಳೆಸಿದ ಮೆತ್ತನೆಯ ಜಾತಿ. ಅಂಗಿಯ ಗುಂಡಿಯಷ್ಟು ಅಗಲದ ಮೊಗ್ಗುಗಳು, ಸುತ್ತಲೂ ಎಸಳು, ನಡುವೆ ಹಸಿರು ಕಣ್ಣು. ಮಾರಿದಾತ "ಫಿಕರ್ ಮತ್ ಕರೋ ಮೇಡಂ, ಏಕ್‌ದಮ್ ಸಾಫ್" ಎಂದಿದ್ದ. ಚೊಕ್ಕವಾಗಿದೆ ಎಂದಮೇಲೆ ನಾನೂ ಫಿಕರು ಮಾಡಲಿಲ್ಲ, ಬಂದ ದಿನವೇ ದೊಡ್ಡ ತೊಟ್ಟಿಗೆ ಇಳಿಸಿದೆ. ಅದರ ಜೊತೆ ಬಂದ ಹುಳು ತಾನು ತಿಂದ ಹವಳದ ಬಣ್ಣವನ್ನೇ ಮೈಗೆ ಹಚ್ಚಿಕೊಳ್ಳುವ ಕಳ್ಳಜಾತಿಯದು. ಎದುರಿಗಿದ್ದರೂ ಕಾಣುವುದಿಲ್ಲ. ಐದು ವರ್ಷ ಬೆಳೆಸಿದ ಕಲ್ಲು ಬೋಳಾಯಿತು. ಒಂದು ಸಂದಿಯಲ್ಲಿ ಮೂರು ಮೊಗ್ಗು ಉಳಿದವು. ಕೂತು ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ ಏನಿಲ್ಲ. ಆ ಮೂರರಿಂದಲೇ ಇವತ್ತಿನ ಅಂಗೈಯಗಲದ ಹವಳವೆಲ್ಲ ಮತ್ತೆ ಹಬ್ಬಿದ್ದು. ಇನ್ನೊಮ್ಮೆ ಹೋದರೆ ಮತ್ತೆ ಬೆಳೆಸುವ ತಾಳ್ಮೆ ನನಗಿರಲಿಲ್ಲ.

ಹಾಗಾಗಿ ಈ ಬೇಸಿಗೆಯಲ್ಲಿ ಹೊಸ ತುಂಡು ತರಿಸುವ ಮೊದಲೇ ಅದಕ್ಕೊಂದು ಬೇರೆ ತೊಟ್ಟಿ ಸಿದ್ಧಮಾಡಿದೆ. ಎರಡು ಕೊಡ ನೀರು ಹಿಡಿಯುವ ಗಾಜಿನ ತೊಟ್ಟಿ. ತಳದಲ್ಲಿ ಮರಳಿಲ್ಲ, ಕಲ್ಲಿಲ್ಲ. ಕಸ ಬಿದ್ದರೂ ಹುಳ ಬಿದ್ದರೂ ಕಾಣಬೇಕು. ಹವಳ ಕೂರಲು ಪ್ಲಾಸ್ಟಿಕ್ಕಿನ ಒಂದು ಜಾಳಿಗೆ, ನೀರು ಆಡಿಸಲು ಒಂದು ಪುಟ್ಟ ಪಂಪು, ಮೇಲೊಂದು ದೀಪ. ದೊಡ್ಡ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಇದ್ದು ಹದವಾದ ಸ್ಪಂಜನ್ನು ತಂದು ಇದರಲ್ಲಿ ಕೂರಿಸಿದೆ, ನೀರು ಕೆಡದಂತೆ ನೋಡಿಕೊಳ್ಳುವ ಒಳ್ಳೆಯ ಜೀವಾಣುಗಳೆಲ್ಲ ಅದರಲ್ಲೇ ಇರುವುದು. ಚಿಮಟ, ಬ್ರಷ್ಷು, ಬೋಗುಣಿ ಎಲ್ಲ ಬೇರೆ. ಬೆರೆಯದಿರಲೆಂದು ಎಲ್ಲಕ್ಕೂ ಕೆಂಪು ದಾರ ಕಟ್ಟಿದೆ. ಲ್ಯಾಬಿನ ಶಿಸ್ತು ನನ್ನದು. ಹೊಸ ಹವಳ ಇದರಲ್ಲೇ ನಲವತ್ತೈದು ದಿನ ಇರಬೇಕು, ಒಂದು ಗಂಟೆಯೂ ಕಡಿಮೆಯಿಲ್ಲ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತೂ ಹಾಕಿದೆ.

ತೊಟ್ಟಿ ಇಟ್ಟದ್ದು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಅದೇ ವಾರ ಕಮಲಾಪುರದಿಂದ ಅವ್ವ ಬಂದಳು, ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಅವಳಿಗೂ ಅದೇ ಕೋಣೆ. ಅವ್ವನೆಂದರೆ ಕಮಲಾಪುರದ ನಮ್ಮ ಕೆಂಪು ಬಾಳೆಯ ತೋಟದ ಯಜಮಾನಿ. ಅಣ್ಣ ಹೆಸರಿಗೆ ಮಾತ್ರ. ಒಂದು ಕಣ್ಣಿಗೆ ಆಪರೇಷನ್ ಆಗಿ, ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತ ಅವ್ವ, ಆಗಷ್ಟೇ ಹೊಸ ಹವಳ ಇಳಿಸಿದ್ದ ತೊಟ್ಟಿಯನ್ನು ನೋಡಿ ಕೇಳಿದಳು:

"ಇದನ್ಯಾಕ ಇಲ್ಲಿ ತಂದು ಇಟ್ಟೀದಿ? ಅದರ ಮಂದಿಯೆಲ್ಲ ಪಡಸಾಲ್ಯಾಗ ಇದ್ದಾರಲ್ಲ."

"ಕ್ವಾರಂಟೈನ್ ಯವ್ವಾ."

"ಕೊರೊನಾದಾಗ ಊರಿಗಿ ಬಂದೋರ್ನ ಸಾಲ್ಯಾಗ ಕೂಡಿ ಹಾಕಿದ್ರಲ್ಲ, ಹಂಗ? ಛಲೋ ಆತು. ಅದಕ್ಕ ನಾ ಕಾವಲು, ನನಗ ಅದು ಕಾವಲು."

ನಮ್ಮ ಊರಿನ ಬಿಸಿಲು ಗೊತ್ತಲ್ಲ. ದೊಡ್ಡ ತೊಟ್ಟಿಗೆ ನೀರು ತಂಪು ಮಾಡುವ ಯಂತ್ರವಿದೆ, ಸಣ್ಣದಕ್ಕಿಲ್ಲ. ಫ್ಯಾನು ಹಚ್ಚಿದರೂ ನೀರು ಕಾಯುತ್ತಲೇ ಇತ್ತು. ನಾನು ಫ್ರಿಜ್ಜಿನಲ್ಲಿ ಬಾಟಲಿ ಇಡುವ ಲೆಕ್ಕಾಚಾರದಲ್ಲಿದ್ದಾಗ ಅವ್ವ, "ಕುಡಿಯೋ ನೀರಿನ ರಂಜಣಗಿಗಿ ಸುತ್ತಿದಂಗ ಹಸಿ ಚೀಲ ಸುತ್ತಬಾರದೇನ?" ಎಂದಳು. ನನ್ನ ಗಂಡ ನಂದೂರಿನ ದಾಲ್‌ಮಿಲ್ಲಿನಲ್ಲಿ ಸೂಪರ್‌ವೈಸರ್. ಗೋಣಿಚೀಲಕ್ಕೇನು ಬರ? ತೊಗರಿಯ ಧೂಳು ನೀರಿಗೆ ಬೀಳಬಾರದೆಂದು ಚೀಲವನ್ನು ಮೂರು ಸಲ ಒಗೆದು, ಮೂರು ಬದಿಗೆ ಸುತ್ತಿ ತೋಯಿಸಿದೆವು. ಎದುರಿನ ಗಾಜು ಮಾತ್ರ ಖಾಲಿ ಬಿಟ್ಟೆವು. ನೀರು ಹದಕ್ಕೆ ಬಂತು. ಈ ಉಪಾಯ ನನ್ನದೇ ಎಂದು ಎರಡು ದಿನ ಹೇಳಿಕೊಂಡು ತಿರುಗಿದೆ.

ಫ್ಯಾನಿನ ಗಾಳಿಗೆ ತೊಟ್ಟಿಯ ನೀರು ಬೇಗ ಆರುತ್ತದೆ. ಆರುವುದು ನೀರು, ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ಹಾಕಬೇಕು, ಉಪ್ಪುನೀರು ಹಾಕಿದರೆ ಹವಳ ಸತ್ತಂತೆಯೇ. ಗಾಜಿನ ಮೇಲೆ ದಪ್ಪನೆಯ ಗೆರೆಯೆಳೆದು ಅವ್ವನಿಗೆ ಆ ಕೆಲಸ ವಹಿಸಿದೆ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳು ಕುರ್ಚಿಯ ಮೇಲೆ ಕೂತು, ಲೋಟದಿಂದ ಸ್ವಲ್ಪ ಸ್ವಲ್ಪವೇ ಹುಯ್ಯುತ್ತಿದ್ದಳು. ಒಂದು ದಿನವೂ ಗೆರೆ ತಪ್ಪಲಿಲ್ಲ.

ಹವಳ ಬಂದ ದಿನವೇ ಅದನ್ನು ಔಷಧಿ ನೀರಿನಲ್ಲಿ ಅದ್ದಿ, ಅಲುಗಿಸಿ ತೊಳೆದಿದ್ದೆ. ಬೋಗುಣಿಯ ತಳಕ್ಕೆ ಒಂದು ಹುಳು ಉದುರಿತ್ತು. ಒಂದೇ ಒಂದು. ಸಿಕ್ಕಿಬಿದ್ದೆಯಲ್ಲ ಕಳ್ಳ ಎಂದು ಬೀಗಿದೆ. ಆಮೇಲೆ ದಿನಾ ಎರಡು ಹೊತ್ತು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಮೊಗ್ಗುಗಳು ಅರಳಿದವು, ಹೊಸದೊಂದು ಮರಿಯೂ ಒಡೆಯಿತು. ಎಲ್ಲವೂ ನನ್ನ ಮಾತು ಕೇಳುತ್ತಿತ್ತು.

ಮೂವತ್ತೊಂದನೆಯ ದಿನ ಡಾಕ್ಟರು ಅವ್ವನಿಗೆ ಊರಿಗೆ ಹೋಗಲು ಬಿಟ್ಟರು. ಕನ್ನಡಕದ ನಂಬರ್ ಆಮೇಲೆ ನೋಡೋಣ, ಇನ್ನೊಂದು ಕಣ್ಣಿನ ಆಪರೇಷನ್ನಿಗೂ ಬನ್ನಿ ಎಂದರು. ಮರುದಿನ ಬೆಳಿಗ್ಗೆಯ ಬಸ್ಸು. ಒಂದು ತಿಂಗಳು ಆ ಹವಳವನ್ನು ಕಾದವಳು, ಅದು ದೊಡ್ಡ ತೊಟ್ಟಿಗೆ ಸೇರುವುದನ್ನು ನೋಡದೆ ಹೋಗುವುದು ನನಗೆ ಸರಿ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅವಳು ಹೋಗುವುದೇ ನನಗೆ ಬೇಡವಾಗಿತ್ತು, ಆ ಸಂಕಟಕ್ಕೆ ಏನಾದರೊಂದು ಹಬ್ಬ ಮಾಡಿ ಕಳಿಸುವ ಮನಸ್ಸಾಯಿತು. ನಲವತ್ತೈದು ನಾನೇ ಹಾಕಿದ ನಿಯಮ, ಮುರಿಯುವವಳೂ ನಾನೇ. ಕೈಗವಸು ಹಾಕಿಕೊಂಡು ಹವಳವನ್ನು ಚಿಮಟದಲ್ಲಿ ಎತ್ತಿ ಬೋಗುಣಿಯಲ್ಲಿಟ್ಟುಕೊಂಡು, "ಬಾ ಯವ್ವಾ, ಮನಿ ತುಂಬಿಸೋಣು" ಎಂದು ಪಡಸಾಲೆಗೆ ಹೊರಟೆ.

ಅವ್ವ ಬಾಗಿಲಲ್ಲೇ ತಡೆದಳು. "ಗಡ್ಡಿ ನೋಡಿದೇನು?"

"ಇದಕ್ಕೆಲ್ಲಿ ಗಡ್ಡಿ? ದಿನಾ ಎರಡು ಸಲ ನೋಡೀನಿ."

"ಮ್ಯಾಲಿಂದ ನೋಡೀದಿ. ತಿರುವಿ ನೋಡು. ನಮ್ಮ ತ್ವಾಟಕ್ಕ ಮಂದಿ ಬಾಳಿ ಕಂದು ಕೊಟ್ರ ನಾ ಎಲಿ ನೋಡಂಗಿಲ್ಲ. ಎಲಿ ಯಾವಾಗ್ಲೂ ಛಂದನ ಇರ್ತದ. ಗಡ್ಡಿ ತಿರುವಿ, ಕುಡಗೋಲಿಲೆ ಕೆತ್ತಿ, ಬೆಳ್ಳಗ ಕಂಡಮ್ಯಾಲನ ನೆಲಕ್ಕ ಇಡೋದು. ಸ್ವಂತ ತಮ್ಮ ಕೊಟ್ರೂ ಅಷ್ಟ."

ವಾದ ಮಾಡುವುದಕ್ಕಿಂತ ತೋರಿಸುವುದೇ ಬೇಗ ಎಂದು ತುಂಡನ್ನು ತಿರುವಿ ಅವಳ ಮುಖದ ಮುಂದೆ ಹಿಡಿದೆ. ಅವ್ವ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಸುಮ್ಮನೆ ನಿಂತಳು. ಏನು ನೋಡುತ್ತಿದ್ದಾಳೆ ಎಂದು ನಾನೂ ಬಗ್ಗಿದೆ. ಹವಳ ಅಂಟಿಕೊಂಡಿದ್ದ ಬಿಲ್ಲೆಯ ತಳದಲ್ಲಿ, ಅಂಚಿನ ಸಂದಿಯಲ್ಲಿ, ಸುರುಳಿ ಸುತ್ತಿದ ಬಿಳಿ ನೂಲಿನಂಥದ್ದೊಂದು ಕಂಡಿತು.

ಲ್ಯಾಬಿಗೆ ಒಯ್ದು ಮೈಕ್ರೋಸ್ಕೋಪಿನಡಿ ಇಟ್ಟೆ. ಮೊಟ್ಟೆಗಳು. ಒಳಗೆ ಜೀವ ತಿರುಗುತ್ತಿತ್ತು. ಔಷಧಿಗೆ ಹುಳು ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ ಎಂದು ಗೊತ್ತಿದ್ದೇ ನಲವತ್ತೈದು ದಿನ ಹಾಕಿದ್ದೆನಲ್ಲ, ಆ ಜಾಣತನವನ್ನು ನಾನೇ ಗಾಳಿಗೆ ತೂರಿದ್ದೆ. ಇನ್ನು ಹತ್ತು ಹೆಜ್ಜೆ ನಡೆದಿದ್ದರೆ ಆ ಮೂರು ಮೊಗ್ಗಿನ ಸಂತಾನವೆಲ್ಲ ಹೋಗುತ್ತಿತ್ತು. ನನ್ನ ಮೇಲೆಯೇ ಸಿಟ್ಟು ಬಂತು.

"ಬಾಳಿ ಆಗಿದ್ರ ಸುಟ್ಟು ಹಾಕ್ತಿದ್ದೆ" ಎಂದು ಹೇಳಿ ಅವ್ವ ಬಸ್ಸು ಹತ್ತಿದಳು. ನಾನು ಸುಡಲಿಲ್ಲ. ಮೊಟ್ಟೆ ಕೆರೆದು, ಬ್ರಷ್ಷಿನಲ್ಲಿ ಉಜ್ಜಿ, ಐದು ದಿನಕ್ಕೊಮ್ಮೆ ಔಷಧಿಯಲ್ಲಿ ಅದ್ದಿ, ದಿನಗಳನ್ನು ಒಂದರಿಂದ ಮತ್ತೆ ಎಣಿಸಿದೆ. ಬಂದವರಿಗೆಲ್ಲ ಈ ಕತೆ ಹೇಳಿದೆ: ನನ್ನ ಭೂತಗನ್ನಡಿಗೆ ಕಾಣದ್ದು ಅವ್ವನ ಹೊಸ ಕಣ್ಣಿಗೆ ಕಂಡಿತು ಎಂದು.

ಎರಡನೆಯ ಕಣ್ಣಿನ ಆಪರೇಷನ್ನಿಗೆ ಅವ್ವ ಬಂದಾಗ ನಲವತ್ತೈದು ತುಂಬಿ ಮೂರು ದಿನವಾಗಿತ್ತು. ಅವಳು ಬರಲೆಂದೇ ಕಾದಿದ್ದೆ. ಪಕ್ಕದ ಮನೆಯವರ ಎದುರು ನಾನು ಮತ್ತೆ ಆ ಕಣ್ಣಿನ ಕತೆ ಶುರುಮಾಡಿದೆ. ಅವ್ವ ನಗತೊಡಗಿದಳು.

"ನನಗೆಲ್ಲಿ ಕಂಡಿತ್ತು? ದೂರದ್ದು ಕಾಣತಿತ್ತು ಖರೆ, ಹತ್ತಿರದ್ದೆಲ್ಲ ಮಂಜ ಮಂಜ. ಅದಕ್ಕ ಚಾಳೀಸು ಬೇಕಂತ ಡಾಕ್ಟರು ಹೇಳಿದ್ರು. ಅವತ್ತು ನಿನ್ನ ಕೈಯಾಗ ಇರೋದು ಕಲ್ಲೋ ಕಸವೋ ಅಂತಾನೂ ಗೊತ್ತಾಗ್ಲಿಲ್ಲ."

"ಮತ್ತ ಯಾಕ ಅಷ್ಟು ಹೊತ್ತು ನೋಡಿದಿ?"

"ನಾ ನೋಡ್ಲಿಲ್ಲ. ನೀ ನೋಡ್ಲಿ ಅಂತ ನಿಂತೆ."

ಕೈಗವಸು ಹಾಕಿಕೊಂಡು ಹವಳವನ್ನು ಬೋಗುಣಿಗೆ ಎತ್ತಿಕೊಂಡೆ. ಬೆಳಿಗ್ಗೆ ನೋಡಿದ್ದೆ, ಹಿಂದಿನ ದಿನವೂ ನೋಡಿದ್ದೆ. ಆದರೂ ದೊಡ್ಡ ತೊಟ್ಟಿಯ ಮುಂದೆ ನಿಂತು ಅದನ್ನು ಇನ್ನೊಮ್ಮೆ ತಿರುವಿದೆ. ಅವ್ವ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು, ನಾನು ನೋಡಿ ಮುಗಿಸುವವರೆಗೆ.